ಕೊಡಗಿನಿಂದ ಆಪ್ಟೊಮೆಟ್ರಿ ಪದವಿಗೆ ಅರ್ಜಿ: ಪಿಯುಸಿ ವಿದ್ಯಾರ್ಥಿಗಳಿಗೂ ಪಾಲಕರಿಗೂ ಮಾರ್ಗದರ್ಶಿ

ಕೊಡಗಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳಲ್ಲಿ ಹೆಚ್ಚಿನವರು ನೀಟ್ ಮತ್ತು ಸಿಇಟಿಗಳ ಆಚೆಗಿನ ಕೋರ್ಸುಗಳತ್ತ ಕಣ್ಣು ಹಾಯಿಸುವುದು ಆ ಎರಡರ ಫಲಿತಾಂಶ ಕೈಗೆ ಬಂದ ಮೇಲೆಯೇ. ಅಷ್ಟು ಹೊತ್ತಿಗೆ ಜಿಲ್ಲೆಯಲ್ಲಿ ಮಳೆ ಹಿಡಿದಿರುತ್ತದೆ, ವಿದ್ಯುತ್ ಮತ್ತು ನೆಟ್‌ವರ್ಕ್ ಎರಡೂ ಕೈಕೊಡುತ್ತಿರುತ್ತವೆ, ನಾಡಕಚೇರಿಯ ಮುಂದೆ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ಎಲ್ಲರೂ ಒಮ್ಮೆಲೇ ನಿಂತಿರುತ್ತಾರೆ. ಆಪ್ಟೊಮೆಟ್ರಿಗೆ ಸೇರಬೇಕೆಂದು ಮನಸ್ಸು ಮಾಡಿದವರ ಕೆಲಸದ ಬಹುಪಾಲು ಅರ್ಜಿ ನಮೂನೆ ತೆರೆಯುವುದಕ್ಕೆ ಮೊದಲೇ ಮುಗಿದಿರಬೇಕು. ನಮೂನೆ ತುಂಬುವುದು ಅರ್ಧ ಗಂಟೆಯ ಕೆಲಸ. ದಾಖಲೆಗಳನ್ನು ಸರಿಪಡಿಸುವುದಕ್ಕೂ ಕಾಲೇಜನ್ನು ವಿಚಾರಿಸಿ ಆರಿಸುವುದಕ್ಕೂ ತಿಂಗಳುಗಳು ಬೇಕು. ಆದ್ದರಿಂದ ಈ ಲೇಖನದಲ್ಲಿ ಆ ಎರಡು ಸಂಗತಿಗಳಿಗೇ ಹೆಚ್ಚಿನ ಜಾಗ ಕೊಡಲಾಗಿದೆ.

ಮೊದಲು, ಈ ಓದು ಯಾವುದು ಎಂಬುದು

ಆಪ್ಟೊಮೆಟ್ರಿಸ್ಟ್ ಎಂದರೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಲ್ಲ. ನೇತ್ರತಜ್ಞರಾಗಲು ಎಂಬಿಬಿಎಸ್ ಮುಗಿಸಿ ನೇತ್ರವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕು. ಆಪ್ಟೊಮೆಟ್ರಿಸ್ಟರು ದೃಷ್ಟಿಯನ್ನು ಅಳೆದು ಕನ್ನಡಕದ ಪವರ್ ನಿರ್ಧರಿಸುತ್ತಾರೆ, ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಕಣ್ಣಿನ ಮುಂಭಾಗವನ್ನು ಪರೀಕ್ಷಿಸುತ್ತಾರೆ, ಕಣ್ಣಿನೊಳಗಿನ ಒತ್ತಡ ನೋಡುತ್ತಾರೆ, ಕಾಂಟ್ಯಾಕ್ಟ್ ಲೆನ್ಸ್ ಹೊಂದಿಸುತ್ತಾರೆ, ಎರಡು ಕಣ್ಣುಗಳು ಜೊತೆಯಾಗಿ ಕೆಲಸ ಮಾಡದ ಮಕ್ಕಳಿಗೆ ಅಭ್ಯಾಸ ಕೊಡುತ್ತಾರೆ, ದೃಷ್ಟಿ ತೀರಾ ಕಡಿಮೆಯಾದವರಿಗೆ ಓದಲು ನೆರವಾಗುವ ಸಾಧನಗಳನ್ನು ಸೂಚಿಸುತ್ತಾರೆ, ಮತ್ತು ಗ್ಲಾಕೋಮಾ, ಮಧುಮೇಹದಿಂದಾಗುವ ಅಕ್ಷಿಪಟಲದ ತೊಂದರೆ ಮೊದಲಾದವುಗಳ ಲಕ್ಷಣ ಕಂಡರೆ ತಡಮಾಡದೆ ನೇತ್ರತಜ್ಞರ ಬಳಿಗೆ ಕಳುಹಿಸುತ್ತಾರೆ. ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ವರ್ಷಗಟ್ಟಲೆ ಮಸುಕುಗಣ್ಣಿನಲ್ಲೇ ಕೆಲಸ ಮಾಡುವವರನ್ನು ಕಂಡವರಿಗೆ ಈ ಕೆಲಸದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೂ "ಎಂಬಿಬಿಎಸ್ ಸಿಗದಿದ್ದರೆ ಇದಾದರೂ ಆಗಲಿ" ಎಂಬ ಮನಸ್ಸಿನಿಂದ ಸೇರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ವರ್ಷದಲ್ಲೇ ಬೆಳಕಿನ ಭೌತಶಾಸ್ತ್ರ, ಅಂದರೆ ಮಸೂರ, ಪ್ರಿಸಂ, ವಕ್ರೀಭವನಗಳ ಲೆಕ್ಕ, ಗಟ್ಟಿಯಾಗಿ ಎದುರಾಗುತ್ತದೆ. ಜೀವಶಾಸ್ತ್ರವನ್ನು ಮಾತ್ರ ಇಷ್ಟಪಟ್ಟು ಭೌತಶಾಸ್ತ್ರವನ್ನು ಹೇಗೋ ದಾಟಿ ಬಂದ ವಿದ್ಯಾರ್ಥಿಗೆ ಅಲ್ಲಿ ಕಷ್ಟವಾಗುತ್ತದೆ.

ನಿರ್ಧರಿಸುವ ಮೊದಲು ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲೋ, ನಿಮ್ಮ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಅರ್ಹ ಆಪ್ಟೊಮೆಟ್ರಿಸ್ಟ್ ಇದ್ದರೆ ಅವರ ಬಳಿಯಲ್ಲೋ ಅನುಮತಿ ಕೇಳಿ ಒಂದು ದಿನ ಕುಳಿತು ನೋಡುವುದು ಉತ್ತಮ. ಸಂತೆಯ ದಿನ ಹೋದರೆ ಹಳ್ಳಿಗಳಿಂದ ಬಂದ ಎಲ್ಲ ವಯಸ್ಸಿನವರ ತಪಾಸಣೆಯನ್ನು ಒಂದೇ ಕಡೆ ನೋಡಬಹುದು. ಮುಂದೆ ಯಾವುದಾದರೂ ಸಂಸ್ಥೆ ಸಂದರ್ಶನದಲ್ಲಿ "ಆಪ್ಟೊಮೆಟ್ರಿಯೇ ಏಕೆ?" ಎಂದು ಕೇಳಿದಾಗ ಉತ್ತರ ನಿಮ್ಮ ಸ್ವಂತದ್ದಾಗಿರುತ್ತದೆ.

ಅರ್ಹತೆ ಮತ್ತು ಅವಧಿ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಈ ಪದವಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನು ಮುಖ್ಯ ವಿಷಯಗಳಾಗಿ ಓದಿ ದ್ವಿತೀಯ ಪಿಯುಸಿ ಅಥವಾ ತತ್ಸಮಾನ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಸೇರುವ ವರ್ಷದ ಡಿಸೆಂಬರ್ 31ರೊಳಗೆ 17 ವರ್ಷ ತುಂಬಿರಬೇಕು. ಡೀಮ್ಡ್ ವಿಶ್ವವಿದ್ಯಾಲಯಗಳೂ ಹೊರರಾಜ್ಯದ ಸಂಸ್ಥೆಗಳೂ ತಮ್ಮದೇ ಕನಿಷ್ಠ ಅಂಕಗಳನ್ನು ನಿಗದಿಪಡಿಸುತ್ತವೆ. ಕೆಲವು ಸಂಸ್ಥೆಗಳು ಜೀವಶಾಸ್ತ್ರದ ಬದಲು ಗಣಿತ ಓದಿದವರನ್ನೂ ಸೇರಿಸಿಕೊಳ್ಳುತ್ತವೆ. ಕಣ್ಣಿಗೆ ಸಂಬಂಧಿಸಿದ ಡಿಪ್ಲೊಮಾವನ್ನು ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯಿಂದ ಪಡೆದವರಿಗೆ ನೇರವಾಗಿ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಅಂಥವರು ವಿಶ್ವವಿದ್ಯಾಲಯದ ನಿಯಮವನ್ನು ಕಾಲೇಜಿನ ಬಾಯಿಮಾತಿನಿಂದಲ್ಲ, ಲಿಖಿತವಾಗಿಯೇ ತಿಳಿದುಕೊಳ್ಳಬೇಕು.

ಮೂರು ವರ್ಷ ತರಗತಿ, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು 4 ವರ್ಷ ಎಂಬುದು ಬಹುಕಾಲದಿಂದ ನಡೆದುಬಂದ ಲೆಕ್ಕ. ಆದರೆ 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಆಪ್ಟೊಮೆಟ್ರಿಯೂ ಬಂದಿದ್ದು, ಆ ಆಯೋಗ ಇಡೀ ದೇಶಕ್ಕೆ ಒಂದೇ ಬಗೆಯ ಪಠ್ಯಕ್ರಮವನ್ನು ತರುತ್ತಿದೆ. ಆದ್ದರಿಂದ ಅವಧಿ, ಅರ್ಹತೆ, ಪ್ರವೇಶದ ವಿಧಾನ ಈ ಮೂರನ್ನೂ ನೀವು ಸೇರುವ ವರ್ಷದ ಅಧಿಸೂಚನೆಯಲ್ಲೇ ನೋಡಬೇಕು. ಎರಡು ವರ್ಷದ ಹಿಂದೆ ಸೇರಿದ ಅಕ್ಕನೋ ಅಣ್ಣನೋ ಹೇಳಿದ್ದನ್ನು ನಂಬಿ ಕೂರಬಾರದು. ಆರೋಗ್ಯ ವೃತ್ತಿಯ ಕೋರ್ಸುಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ನಡೆಸುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರಲ್ಲಿ ನಿಲ್ಲಿಸಿದೆ. "ಮನೆಯಲ್ಲೇ ಕುಳಿತು ಆಪ್ಟೊಮೆಟ್ರಿ ಪದವಿ" ಎಂದು ಯಾರಾದರೂ ಫೋನ್ ಮಾಡಿದರೆ ಮಾತು ಮುಂದುವರಿಸಬೇಡಿ.

ದಾಖಲೆಗಳು: ಕಾಫಿ ಕೊಯ್ಲಿನ ಹೊತ್ತಿಗೇ ಶುರುವಾಗಬೇಕಾದ ಕೆಲಸ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮನೆಯ ಹಿರಿಯರು ಕೊಯ್ಲಿನಲ್ಲೂ ಮಕ್ಕಳು ಪರೀಕ್ಷೆಯ ತಯಾರಿಯಲ್ಲೂ ಮುಳುಗಿರುತ್ತಾರೆ ಎಂಬುದು ನಿಜ. ಆದರೂ ದಾಖಲೆಗಳನ್ನು ಒಂದು ಕಡೆ ಹರಡಿ ಪರಿಶೀಲಿಸಲು ಒಂದು ಭಾನುವಾರವನ್ನು ಈ ತಿಂಗಳುಗಳಲ್ಲೇ ಮೀಸಲಿಡಬೇಕು.

ಮೊದಲು ನೋಡಬೇಕಾದದ್ದು ಹೆಸರು. ಕೊಡಗಿನಲ್ಲಿ ಮನೆತನದ ಹೆಸರು ವ್ಯಕ್ತಿಯ ಹೆಸರಿಗೆ ಮುಂದಾಗಿ ಬರುವ ರೂಢಿ ಇರುವುದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಪೂರ್ತಿಯಾಗಿ, ಆಧಾರ್‌ನಲ್ಲಿ ಒಂದೇ ಇನಿಷಿಯಲ್ ಆಗಿ, ಬ್ಯಾಂಕ್ ಪುಸ್ತಕದಲ್ಲಿ ಹೆಸರಿನ ಕೊನೆಗೆ ತಂದೆಯ ಹೆಸರಿನೊಡನೆ, ಹೀಗೆ ಒಬ್ಬರೇ ಮೂರು ರೂಪದಲ್ಲಿ ಕಾಣಿಸಿಕೊಳ್ಳುವುದು ಇಲ್ಲಿ ಸಾಮಾನ್ಯ. ಪ್ರವೇಶದ ಸಂದರ್ಭದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೇ ಆಧಾರವಾಗುತ್ತದೆ. ಆದ್ದರಿಂದ ಆಧಾರ್ ಮತ್ತು ಬ್ಯಾಂಕ್ ಖಾತೆಯ ಹೆಸರನ್ನು ಅದಕ್ಕೆ ಹೊಂದಿಸಬೇಕೇ ಹೊರತು ಅಂಕಪಟ್ಟಿಯನ್ನು ಆಧಾರ್‌ಗೆ ಹೊಂದಿಸಲು ಹೋಗಬಾರದು. ತಂದೆ ಮತ್ತು ತಾಯಿಯ ಹೆಸರಿನ ಕಾಗುಣಿತವನ್ನೂ ಇದೇ ರೀತಿ ನೋಡಿಕೊಳ್ಳಿ. ವಿದ್ಯಾರ್ಥಿವೇತನದ ಅರ್ಜಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುವುದುಂಟು.

ಎರಡನೆಯದು ಮೀಸಲಾತಿಯ ಪ್ರಮಾಣಪತ್ರ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿ ವರ್ಗಗಳಿಗೆ ನಮೂನೆ ಎಫ್. ಕೊಡಗರೂ ಒಕ್ಕಲಿಗರೂ ರಾಜ್ಯದ ಪಟ್ಟಿಯಲ್ಲಿ 3ಎ ಅಡಿಯಲ್ಲಿ ಬರುತ್ತಾರೆ. ಜೇನು ಕುರುಬ, ಕಾಡು ಕುರುಬ, ಯರವ ಸಮುದಾಯಗಳು ಪರಿಶಿಷ್ಟ ಪಂಗಡದಲ್ಲಿವೆ. 2ಎ, 2ಬಿ, 3ಎ, 3ಬಿ ವರ್ಗಗಳವರು ಆದಾಯ ಮಿತಿಯೊಳಗೆ ಇದ್ದರೆ ಮಾತ್ರ ಮೀಸಲಾತಿ ಸಿಗುತ್ತದೆ; ಪ್ರವರ್ಗ 1ಕ್ಕೆ ಈ ಮಿತಿ ಇಲ್ಲ. ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ, ಅರ್ಜಿಯಲ್ಲಿ ಅದನ್ನು ನಮೂದಿಸಿದೊಡನೆ ಕಂದಾಯ ಇಲಾಖೆಯ ದಾಖಲೆಯೊಡನೆ ಅದು ತಾಳೆಯಾಗುತ್ತದೆ. ಹಳೆಯ ಪ್ರಮಾಣಪತ್ರ ಕೈಯಲ್ಲಿದ್ದರೆ ಅದರ ಅವಧಿ ಮುಗಿದಿದೆಯೇ, ಅಲ್ಲಿನ ಹೆಸರು ಅಂಕಪಟ್ಟಿಯಂತೆಯೇ ಇದೆಯೇ ಎಂದು ನೋಡಿ, ಬೇಕಾದರೆ ಹೋಬಳಿಯ ನಾಡಕಚೇರಿಯಲ್ಲಿ ಈಗಲೇ ಹೊಸದಕ್ಕೆ ಅರ್ಜಿ ಕೊಡಬೇಕು.

ಮೂರನೆಯದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ. ಕೊಡಗಿನ ಮಕ್ಕಳು ಅತಿ ಹೆಚ್ಚು ಕಳೆದುಕೊಳ್ಳುವುದು ಇದನ್ನೇ ಎಂಬುದು ನನ್ನ ಭಾವನೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ರಾಜ್ಯದ ವೃತ್ತಿಶಿಕ್ಷಣ ಪ್ರವೇಶದಲ್ಲಿದೆ. ಓದಿದ ಪ್ರತಿಯೊಂದು ಶಾಲೆಯ ಮುಖ್ಯೋಪಾಧ್ಯಾಯರಿಂದ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಬೇಕು. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಪ್ರೌಢಶಾಲೆಗೆ ಮಡಿಕೇರಿ ನಗರಕ್ಕೆ ಬಂದವರಿಗೆ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯೂ ಗ್ರಾಮೀಣ ಎನಿಸುವುದಿಲ್ಲ. ಊರಿನ ಚಿಕ್ಕ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿದ್ದರೆ ದಾಖಲೆಗಳು ಯಾವ ಶಾಲೆಗೆ ವರ್ಗವಾಗಿವೆ ಎಂಬುದನ್ನು ತಾಲ್ಲೂಕಿನ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಇದಕ್ಕೆ ಹಿಡಿಯುವ ಸಮಯವನ್ನು ಯಾರೂ ಮುಂಚಿತವಾಗಿ ಹೇಳಲಾರರು. ಏಪ್ರಿಲ್‌ನಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬರುವ ಮೊದಲೇ ಈ ಕೆಲಸಕ್ಕೆ ಓಡಾಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಸರ್ಕಾರಿ ಕೋಟಾದ ಸೀಟಿಗೆ ಇನ್ನೊಂದು ಮೂಲ ನಿಯಮವಿದೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ತೇರ್ಗಡೆಯಾಗಿರಬೇಕು. ಗಡಿಯಾಚೆ ಕಣ್ಣೂರು ಅಥವಾ ವಯನಾಡಿನ ಶಾಲೆಗಳಲ್ಲಿ ಕೆಲವು ವರ್ಷ ಓದಿದವರು ಈ ಲೆಕ್ಕವನ್ನು ಕೂಡಿ ನೋಡಲಿ. ಸೇನೆಯಲ್ಲಿರುವವರ ಮಕ್ಕಳು ತಂದೆಯ ವರ್ಗಾವಣೆಯೊಡನೆ ಊರೂರು ಸುತ್ತಿ ಓದಿರುತ್ತಾರೆ. ಅಂಥವರಿಗೆ ನಿಯಮಾವಳಿಯಲ್ಲಿ ಪ್ರತ್ಯೇಕ ಕಲಮುಗಳಿದ್ದು, ಸೇನೆಗೆ ಸೇರುವಾಗ ಸ್ವಂತ ಊರೆಂದು ಕರ್ನಾಟಕವನ್ನು ಘೋಷಿಸಿದ್ದರೆಂಬ ಪತ್ರ ಬೇಕಾಗುತ್ತದೆ. ಆ ಪತ್ರವನ್ನು ಘಟಕದಿಂದ ಅಥವಾ ದಾಖಲೆ ಕಚೇರಿಯಿಂದ ತರಿಸಬೇಕಾದ್ದರಿಂದ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯನ್ನು ಬೇಗನೆ ಸಂಪರ್ಕಿಸುವುದು ಒಳಿತು.

ಇವೆಲ್ಲವನ್ನೂ ಮಳೆಗಾಲಕ್ಕೆ ಮೊದಲು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿಸಿ, ಫೋನಿನಲ್ಲಿ ಮಾತ್ರವಲ್ಲದೆ ಇಮೇಲ್‌ನಲ್ಲೂ ಪೆನ್ ಡ್ರೈವ್‌ನಲ್ಲೂ ಇಟ್ಟುಕೊಳ್ಳಿ. ಜುಲೈ ತಿಂಗಳಲ್ಲಿ ಭಾಗಮಂಡಲದ ಅಥವಾ ನಾಪೋಕ್ಲುವಿನ ಕಡೆಯಿಂದ ಕೊನೆಯ ದಿನ ಅಪ್‌ಲೋಡ್ ಮಾಡಲು ಹೊರಡುವುದು ಅಪಾಯದ ಲೆಕ್ಕಾಚಾರ. ಹೊಳೆ ರಸ್ತೆಗೆ ಬಂದರೆ ಸೈಬರ್ ಸೆಂಟರ್ ತಲುಪುವುದೇ ಕಷ್ಟವಾಗುತ್ತದೆ.

ಕಾಲೇಜನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

ಕೊಡಗಿನಿಂದ ಹೊರಡುವವರ ಮುಂದೆ ಸಹಜವಾಗಿ ಮೂರು ದಿಕ್ಕುಗಳಿವೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರು, ಸುಮಾರು 140 ಕಿಲೋಮೀಟರ್ ದೂರದ ಮಂಗಳೂರು ಹಾಗೂ ಅದರಾಚೆಯ ಮಣಿಪಾಲ, ಮತ್ತು ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರು. ಜಿಲ್ಲೆಗೆ ರೈಲು ಇಲ್ಲದಿರುವುದರಿಂದ ಬಸ್ಸೇ ಗತಿ. 2018ರ ಆಗಸ್ಟ್‌ನಲ್ಲಿ ಆದಂತೆ ಸಂಪಾಜೆ ಘಾಟಿ ಕುಸಿದರೆ ಮಂಗಳೂರಿನ ದಾರಿಯೇ ಮುಚ್ಚಿಹೋಗಬಹುದು. ಆದರೂ ದೂರವನ್ನೇ ಮುಖ್ಯವಾಗಿ ನೋಡಿ ಕಾಲೇಜು ಆರಿಸಬಾರದು ಎಂಬುದು ನನ್ನ ಸಲಹೆ.

ಆಪ್ಟೊಮೆಟ್ರಿಯನ್ನು ಪುಸ್ತಕದಿಂದ ಅರ್ಧ, ರೋಗಿಯ ಮುಂದೆ ಕುಳಿತು ಅರ್ಧ ಕಲಿಯಬೇಕು. ರೆಟಿನೊಸ್ಕೋಪ್ ಹಿಡಿದು ಕಣ್ಣಿನೊಳಗಿಂದ ಮರಳುವ ಬೆಳಕಿನ ಚಲನೆಯನ್ನು ಓದಿ ಪವರ್ ಅಂದಾಜು ಮಾಡುವ ವಿದ್ಯೆ ನೂರಾರು ಕಣ್ಣುಗಳನ್ನು ನೋಡಿದ ಮೇಲಷ್ಟೇ ಕೈಗೆ ಹತ್ತುತ್ತದೆ. ನಾಲ್ಕು ಮಾತು ಬಾರದ ಮಗುವಿಗೂ ಕೇಳಿಸದ ಮುದುಕರಿಗೂ ಕನ್ನಡಕ ಕೊಡಬೇಕಾದಾಗ ನೆರವಿಗೆ ಬರುವುದು ಅದೇ. ಹೀಗಾಗಿ ಕಾಲೇಜಿಗೆ ಭೇಟಿ ಕೊಟ್ಟಾಗ ಮೊದಲ ಪ್ರಶ್ನೆ ಕಟ್ಟಡದ ಬಗ್ಗೆಯಾಗಲಿ ಕೆಲಸ ಕೊಡಿಸುವ ಭರವಸೆಯ ಬಗ್ಗೆಯಾಗಲಿ ಇರಬಾರದು. ಕಾಲೇಜಿಗೆ ಸ್ವಂತ ಕಣ್ಣಾಸ್ಪತ್ರೆ ಇದೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಯೊಡನೆ ಒಪ್ಪಂದವಿದೆ, ಅಲ್ಲಿನ ಹೊರರೋಗಿ ವಿಭಾಗಕ್ಕೆ ದಿನಕ್ಕೆ ಎಷ್ಟು ಜನ ಬರುತ್ತಾರೆ, ಎರಡನೇ ವರ್ಷದ ವಿದ್ಯಾರ್ಥಿ ವಾರದಲ್ಲಿ ಎಷ್ಟು ದಿನ ಅಲ್ಲಿರುತ್ತಾನೆ, ಒಂದು ಸ್ಲಿಟ್ ಲ್ಯಾಂಪಿಗೆ ಎಷ್ಟು ಮಂದಿ ವಿದ್ಯಾರ್ಥಿಗಳಿದ್ದಾರೆ, ಪಾಠ ಮಾಡುವವರಲ್ಲಿ ಆಪ್ಟೊಮೆಟ್ರಿಯಲ್ಲೇ ಸ್ನಾತಕೋತ್ತರ ಓದಿದವರು ಎಷ್ಟು ಮಂದಿ, ಕಾಂಟ್ಯಾಕ್ಟ್ ಲೆನ್ಸ್ ಮತ್ತು ಮಂದದೃಷ್ಟಿಯ ಚಿಕಿತ್ಸಾಲಯಗಳು ನಿಜವಾಗಿ ನಡೆಯುತ್ತಿವೆಯೇ ಅಥವಾ ಫಲಕಕ್ಕಷ್ಟೇ ಇವೆಯೇ ಎಂದು ಕೇಳಬೇಕು. ಸಾಧ್ಯವಾದರೆ ಕಚೇರಿಯಿಂದ ಹೊರಬಂದು ಇಂಟರ್ನ್‌ಶಿಪ್ ಮಾಡುತ್ತಿರುವ ಮಕ್ಕಳೊಡನೆ ಐದು ನಿಮಿಷ ಮಾತನಾಡಿ. ಅವರ ಉತ್ತರಕ್ಕೂ ಕಚೇರಿಯ ಉತ್ತರಕ್ಕೂ ಅಂತರವಿದ್ದರೆ ಮಕ್ಕಳ ಮಾತನ್ನೇ ನಂಬಿ.

ಮಾನ್ಯತೆಯ ವಿಚಾರವನ್ನು ಸಡಿಲವಾಗಿ ಬಿಡಬಾರದು. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಸಂಯೋಜಿತ ಕಾಲೇಜುಗಳ ಪಟ್ಟಿ ಇರುತ್ತದೆ. ಕಾಲೇಜಿನ ಹೆಸರು ಮಾತ್ರವಲ್ಲ, ಆಪ್ಟೊಮೆಟ್ರಿ ಕೋರ್ಸಿಗೆ ಆ ವರ್ಷದ ಸಂಯೋಜನೆ ಇದೆಯೇ ಎಂಬುದನ್ನು ನೋಡಬೇಕು. ನರ್ಸಿಂಗ್‌ಗೆ ಮಾನ್ಯತೆ ಇರುವ ಸಂಸ್ಥೆಗೆ ಆಪ್ಟೊಮೆಟ್ರಿಗೂ ಇದ್ದೇ ಇರುತ್ತದೆಂದು ತಿಳಿಯಬಾರದು.

ಹೊರರಾಜ್ಯಕ್ಕೆ ಹೋಗಲು ಸಿದ್ಧರಿರುವವರು ಚೆನ್ನೈನ ಎಲೀಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿಯನ್ನೂ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಆಪ್ಟೊಮೆಟ್ರಿ ಶಾಲೆಯನ್ನೂ ವಿಚಾರಿಸಬಹುದು. ಮೊದಲನೆಯದನ್ನು ಶಂಕರ ನೇತ್ರಾಲಯ 1985ರಲ್ಲಿ ಆರಂಭಿಸಿತು. ದೊಡ್ಡ ಕಣ್ಣಾಸ್ಪತ್ರೆಯ ಜೊತೆಗೂಡಿಯೇ ಓದು ನಡೆಯುವುದು ಇಂಥ ಕಡೆಗಳ ದೊಡ್ಡ ಲಾಭ. ಇವು ತಮ್ಮದೇ ಅರ್ಜಿ ಮತ್ತು ಆಯ್ಕೆಯ ಕ್ರಮವನ್ನು ಹೊಂದಿದ್ದು, ಕರ್ನಾಟಕದ ಪ್ರಕ್ರಿಯೆಗೂ ಅವಕ್ಕೂ ಸಂಬಂಧವಿಲ್ಲ. ಏಮ್ಸ್‌ನಲ್ಲಿ ಸೇರಬಯಸುವವರು ಅದರ ಪ್ಯಾರಾಮೆಡಿಕಲ್ ಪ್ರವೇಶ ಪರೀಕ್ಷೆ ಬರೆಯಬೇಕು.

ಅರ್ಜಿ ಮತ್ತು ಸೀಟು ಹಂಚಿಕೆ

ರಾಜ್ಯದ ಸರ್ಕಾರಿ ಕೋಟಾದ, ಆಪ್ಟೊಮೆಟ್ರಿಯೂ ಸೇರಿದ ಅಲೈಡ್ ಹೆಲ್ತ್ ಸೈನ್ಸಸ್ ಸೀಟುಗಳ ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ನಡೆಸುತ್ತಿದೆ. ಎಂಜಿನಿಯರಿಂಗ್ ಹಂಚಿಕೆಯ ಸದ್ದಿನಲ್ಲಿ ಈ ಕೋರ್ಸುಗಳ ಪ್ರಕಟಣೆ ಕಣ್ತಪ್ಪಿ ಹೋಗುತ್ತದೆ. ಪಿಯುಸಿ ಫಲಿತಾಂಶದ ನಂತರ ವಾರಕ್ಕೆ ಎರಡು ಬಾರಿಯಾದರೂ ಕೆಇಎ ಜಾಲತಾಣವನ್ನು ತೆರೆದು ನೋಡುವ ಅಭ್ಯಾಸ ಇರಲಿ. ನಮೂನೆ ತುಂಬುವಾಗ ನಿಮ್ಮ ಸ್ವಂತ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಕೊಡಬೇಕು. ಸೈಬರ್ ಸೆಂಟರ್‌ನವರ ಸಂಖ್ಯೆ ಕೊಟ್ಟರೆ ಮುಂದಿನ ಒಟಿಪಿಗಳೆಲ್ಲ ಅವರಿಗೇ ಹೋಗುತ್ತವೆ.

ದಾಖಲೆ ಪರಿಶೀಲನೆ ಮುಗಿದ ಮೇಲೆ ಕಾಲೇಜುಗಳ ಆದ್ಯತಾಪಟ್ಟಿ ತುಂಬಬೇಕು. ಇಲ್ಲಿ ನಿಯಮ ಒಂದೇ: ಸಿಗುತ್ತದೋ ಇಲ್ಲವೋ ಎಂದು ಯೋಚಿಸದೆ, ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ, ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಗೆ ಸೇರಿಸಬೇಡಿ. ಮೇಲಿನ ಆಯ್ಕೆ ಸಿಗದಿದ್ದರೆ ಕೆಳಗಿನದಕ್ಕೆ ಯಾವ ತೊಂದರೆಯೂ ಆಗುವುದಿಲ್ಲ. ನಿಜವಾದ ಹಂಚಿಕೆಗೆ ಮೊದಲು ಪ್ರಾಯೋಗಿಕವಾಗಿ ನಡೆಸುವ ಅಣಕು ಹಂಚಿಕೆಯ ಫಲಿತಾಂಶ ನೋಡಿ ಕ್ರಮ ಬದಲಿಸಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆಯ ನಂತರ ಬರುವ ನಾಲ್ಕು ಆಯ್ಕೆಗಳನ್ನು ಪಾಲಕರೊಡನೆ ಕುಳಿತು ಓದಿ ತೀರ್ಮಾನಿಸಬೇಕು: ಮೊದಲನೆಯದು ಸೀಟನ್ನು ಒಪ್ಪಿ ಸೇರುವುದು, ಎರಡನೆಯದು ಶುಲ್ಕ ಕಟ್ಟಿ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಉತ್ತಮವಾದುದಕ್ಕೆ ಕಾಯುವುದು, ಮೂರನೆಯದು ಈ ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಸಿಕ್ಕಿದ್ದನ್ನು ಕಳೆದುಕೊಳ್ಳಲು ಸಿದ್ಧರಿಲ್ಲದವರು ಮೂರನೆಯದನ್ನು ಆರಿಸಬಾರದು.

ಖಾಸಗಿ ಕಾಲೇಜುಗಳ ಆಡಳಿತ ಮಂಡಳಿ ಸೀಟುಗಳಿಗೂ ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ನೇರವಾಗಿ ಅರ್ಜಿ ಹಾಕಬೇಕು. ಮುಂಗಡ ಕಟ್ಟುವ ಮೊದಲು ಎಲ್ಲ ವರ್ಷಗಳ ಒಟ್ಟು ಶುಲ್ಕವನ್ನೂ, ಪರೀಕ್ಷಾ ಶುಲ್ಕ, ಸಮವಸ್ತ್ರ, ಉಪಕರಣ, ಹಾಸ್ಟೆಲ್ ಸೇರಿದಂತೆ ಉಳಿದ ಖರ್ಚನ್ನೂ, ಸೀಟು ಬಿಟ್ಟರೆ ಹಣ ಮರಳಿಸುವ ನಿಯಮವನ್ನೂ ಬರಹದಲ್ಲಿ ಪಡೆಯಿರಿ. ಸೀಟು ಕೊಡಿಸುತ್ತೇವೆ ಎಂದು ಬರುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.

ಹಣದ ವ್ಯವಸ್ಥೆ

ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯವರೆಗೆ ಆಸ್ತಿಯ ಅಡಮಾನ ಕೇಳುವುದಿಲ್ಲ; ಅದಕ್ಕಿಂತ ಮೇಲೆ ಹೋದರೆ ಕೇಳುತ್ತಾರೆ. ಕೊಡಗಿನ ಕುಟುಂಬಗಳಿಗೆ ಈ ಗಡಿ ಬಹಳ ಮುಖ್ಯ, ಏಕೆಂದರೆ ಪರಂಪರೆಯಿಂದ ಬಂದ ಜಮ್ಮಾ ಭೂಮಿಯ ಪಹಣಿಯಲ್ಲಿ ಒಕ್ಕದ, ಅಂದರೆ ಒಂದೇ ಮನೆತನದ, ಹಲವರ ಹೆಸರುಗಳು ಜಂಟಿಯಾಗಿದ್ದಾಗ ಒಬ್ಬರ ಮಗಳ ಓದಿಗಾಗಿ ಅದನ್ನು ಅಡವಿಡುವುದು ಸುಲಭದ ಮಾತಲ್ಲ. ಒಟ್ಟು ಖರ್ಚನ್ನು ಆ ಮಿತಿಯೊಳಗೆ ಹೊಂದಿಸಲು ಸಾಧ್ಯವೇ ಎಂಬುದನ್ನು ಕಾಲೇಜು ಆರಿಸುವ ಹಂತದಲ್ಲೇ ಲೆಕ್ಕ ಹಾಕಬೇಕು.

ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು; ಹಣ ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ಊಟ ಮತ್ತು ವಸತಿಯ ನೆರವು ಇದೆ. ಮಾಜಿ ಸೈನಿಕರ ಮಕ್ಕಳು ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನಮಂತ್ರಿ ವಿದ್ಯಾರ್ಥಿವೇತನವನ್ನು ವಿಚಾರಿಸಬೇಕು. ಪಿಯುಸಿಯಲ್ಲಿ ಶೇ 60 ಅಂಕ ಪಡೆದಿರಬೇಕೆಂಬ ನಿಯಮ ಅದಕ್ಕಿದ್ದು, ತಿಂಗಳಿಗೆ ಹುಡುಗಿಯರಿಗೆ 3,000, ಹುಡುಗರಿಗೆ 2,500 ರೂಪಾಯಿ ದೊರೆಯುತ್ತದೆ. ತೋಟ ಕಾರ್ಮಿಕರ ಮಕ್ಕಳು ಕಾಫಿ ಮಂಡಳಿಯ ಶೈಕ್ಷಣಿಕ ನೆರವಿನ ಬಗ್ಗೆ ಹತ್ತಿರದ ಸಂಪರ್ಕ ಕಚೇರಿಯಲ್ಲಿ ಕೇಳಲಿ. ತೋಟದ ಮಾಲೀಕರು ಅಥವಾ ಲೆಕ್ಕ ನೋಡಿಕೊಳ್ಳುವ ರೈಟರು ಈ ಮಾಹಿತಿಯನ್ನು ಲೈನ್ ಮನೆಗಳಿಗೆ ತಲುಪಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಸೇರುವ ದಿನ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ ಮತ್ತು ಪ್ರಮಾಣಪತ್ರಗಳನ್ನು ಕಾಲೇಜಿಗೆ ಕೊಡಬೇಕಾಗಬಹುದು. ಅವುಗಳನ್ನು ಕೊಡುವ ಮೊದಲು ಪ್ರತಿಯೊಂದರ ಐದಾರು ದೃಢೀಕೃತ ಪ್ರತಿಗಳನ್ನು ತೆಗೆದಿರಿಸಿ, ಯಾವ ಯಾವ ದಾಖಲೆ ಕೊಟ್ಟಿದ್ದೀರಿ ಎಂಬ ಸಹಿಯುಳ್ಳ ಪಟ್ಟಿಯನ್ನು ಕೇಳಿ ಪಡೆಯಬೇಕು. ಕೇರಳದ ಮಂಡಳಿಯಲ್ಲಿ ಪಿಯುಸಿಗೆ ಸಮನಾದ ತರಗತಿ ಮುಗಿಸಿದವರು ವಲಸೆ ಪ್ರಮಾಣಪತ್ರವನ್ನೂ ವಿಶ್ವವಿದ್ಯಾಲಯದ ಅರ್ಹತಾ ಪತ್ರವನ್ನೂ ಪ್ರವೇಶದ ಹೊತ್ತಿಗೇ ಒದಗಿಸಬೇಕು. ಅದು ತಡವಾದರೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ತಡವಾಗುತ್ತದೆ, ನೋಂದಣಿ ಸಂಖ್ಯೆ ಇಲ್ಲದೆ ಮೊದಲ ವರ್ಷದ ಪರೀಕ್ಷೆಗೆ ಕೂರಲು ಆಗುವುದಿಲ್ಲ.